ಮಾಂಗಾ ಪುಟದ ಸಣ್ಣ ಪುಗ್ಗ

ನನ್ನ ಬರವಣಿಗೆಯಲ್ಲಿ ಅತಿ ಹೆಚ್ಚು ದುಡಿದ ಪದ ಯಾವುದೆಂದು ಕೇಳಿದರೆ ಯೋಚಿಸದೆ ಹೇಳಬಲ್ಲೆ: 'ಕ್ಷಣಾರ್ಧದಲ್ಲಿ'. ಕಾದಂಬರಿ ಬರೆಯುವವನಿಗೆ ಇದರಷ್ಟು ಉಪಕಾರಿಯಾದ ಪದ ಇನ್ನೊಂದಿಲ್ಲ. ನಾಯಕಿ ಬಂಡೆಯ ಮೇಲೆ ನಿಂತಿದ್ದಾಳೆ, ಕೆಳಗೆ ಹೊಳೆ ತುಂಬಿದೆ, ಕಳ್ಳ ತೆಪ್ಪ ಹತ್ತಿ ಪರಾರಿಯಾಗುತ್ತಿದ್ದಾನೆ. ಅವಳು ಹೇಗೆ ಹಾರಿದಳು, ಸೆರಗು ಎಲ್ಲಿ ಸಿಕ್ಕಿಸಿದಳು, ಚಪ್ಪಲಿ ಏನಾಯಿತು ಎಂದು ವಿವರಿಸಲು ಹೊರಟರೆ ಲೇಖಕನಿಗೇ ಈಜು ಬರುವುದಿಲ್ಲವೆಂಬ ಗುಟ್ಟು ಹೊರಬೀಳುತ್ತದೆ. ಹಾಗಾಗಿ 'ಕ್ಷಣಾರ್ಧದಲ್ಲಿ ಚೆನ್ನಿ ಹೊಳೆಗೆ ಧುಮುಕಿದ್ದಳು' ಎಂದು ಬರೆದು ನಾನು ಚಹಾ ಕುಡಿಯಲು ಎದ್ದುಬಿಡುತ್ತಿದ್ದೆ. ಆರು ಕಾದಂಬರಿಗಳಲ್ಲಿ ಚೆನ್ನಿ ಹನ್ನೊಂದು ಸಲ ಹೀಗೆ ಹಾರಿದ್ದಾಳೆ. ಒಂದು ಸಲವೂ ಅವಳ ಮೂಗಿನೊಳಗೆ ನೀರು ಹೋಗಿಲ್ಲ. ಕ್ಷಣಾರ್ಧ ಎಂದರೆ ಎಷ್ಟು ಹೊತ್ತು ಎಂಬುದು ನನಗೆ ಗೊತ್ತಾದದ್ದು ಕಳೆದ ಶ್ರಾವಣದಲ್ಲಿ. ಅದು ಇನ್ನೂ ಮುಗಿದಿಲ್ಲ.

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. 'ಕಂಪ್ಲಿಯ ಚೆನ್ನಿ' ನನ್ನ ಪತ್ತೇದಾರಿ ಕಾದಂಬರಿ ಮಾಲೆ. ಚೆನ್ನಿ ಹಗಲು ತೆಪ್ಪ ನಡೆಸುತ್ತಾಳೆ, ಬಿಡುವಾದಾಗ ಸಂಡೂರು ಗುಡ್ಡದ ಅದಿರುಗಳ್ಳರನ್ನೂ ಹಂಪಿಯ ವಿಗ್ರಹಗಳ್ಳರನ್ನೂ ಹಿಡಿಯುತ್ತಾಳೆ. ಇವು ಗ್ರಂಥಾಲಯಗಳ ಕಪಾಟಿನಲ್ಲಿ ಬಹಳ ಸುರಕ್ಷಿತವಾಗಿದ್ದವು, ಯಾರ ಕೈಯೂ ತಾಗದಷ್ಟು ಸುರಕ್ಷಿತವಾಗಿ. ಒಂದು ದಿನ, ಆಗ ಹತ್ತನೇ ತರಗತಿಯಲ್ಲಿದ್ದ ನನ್ನ ಮಗಳು ತಾನು ಓದುತ್ತಿದ್ದ ದಪ್ಪ ಪುಸ್ತಕವೊಂದನ್ನು ನನ್ನ ಮುಂದಿಟ್ಟಳು. ಜಪಾನಿನ ಮಾಂಗಾ. ಪುಟದ ತುಂಬ ಕಪ್ಪು ಬಿಳುಪು ಚಿತ್ರ, ದೊಡ್ಡ ಕಣ್ಣಿನ ಹುಡುಗಿಯರು. ಹಿಂದಿನ ರಟ್ಟಿನಿಂದ ಶುರುಮಾಡಿ ಬಲದಿಂದ ಎಡಕ್ಕೆ ಓದಬೇಕಂತೆ. "ಅಪ್ಪಾ, ನಿನ್ನ ಚೆನ್ನೀನ ಹಿಂಗ ಮಾಡಿಸು. ನಮ್ಮ ಕ್ಲಾಸ್ನ್ಯಾಗ ಎಲ್ಲಾರೂ ಓದ್ತಾರ" ಎಂದಳು. "ಈಗ ಹೆಂಗೈತಿ ಹಂಗ ಯಾಕ ಓದಂಗಿಲ್ಲ?" ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ತಂದೆಯ ಮನಸ್ಸಿಗೆ ನೋವಾಗದಂತೆ, "ಅಕ್ಷರ ಭಾಳ ಅದಾವಪ್ಪಾ" ಎಂದಳು.

ಚಿತ್ರ ಬರೆಯುವವರು ಯಾರು? ಜಂಬಣ್ಣ ಸಿಕ್ಕ. ಜಂಬಣ್ಣನದು ಗಾದಿಗನೂರಿನ ಹೆದ್ದಾರಿ ಬದಿಯಲ್ಲಿ ತಗಡಿನ ಶೆಡ್ಡು. ಇಪ್ಪತ್ತೈದು ವರ್ಷದಿಂದ ಅದಿರು ಲಾರಿಗಳಿಗೆ ಬಣ್ಣ ಬಳಿದು, ಹಿಂದಿನ ಹಲಗೆಯ ಮೇಲೆ ಹದ್ದು, ಹುಲಿ, ಕಮಲ, ಡ್ರೈವರುಗಳ ಮಕ್ಕಳ ಹೆಸರು ಬರೆದವನು. ಸ್ಟಿಕ್ಕರು ಬಂದ ಮೇಲೆ ಕೈಗೆ ಕೆಲಸ ಕಡಿಮೆಯಾಗಿತ್ತು. ಸಂಡೂರು ಕಡೆಯಿಂದ ಕೆಂಪು ಧೂಳು ಹೊತ್ತು ಬರುವ ಲಾರಿಗಳಲ್ಲಿ ಅವನ ಹುಲಿ ಯಾವುದು, ಬೇರೆಯವರ ಹುಲಿ ಯಾವುದು ಎಂದು ನಾನು ದೂರದಿಂದಲೇ ಹೇಳುತ್ತಿದ್ದೆ. ಅವನ ಹುಲಿಗೆ ಮಾತ್ರ ಸ್ವಲ್ಪ ನಿದ್ದೆಗೆಟ್ಟ ಮುಖ. ಮಗಳ ಪುಸ್ತಕವನ್ನು ಅವನು ಎರಡು ದಿನ ಇಟ್ಟುಕೊಂಡು, ಮೂರನೆಯ ದಿನ ವಾಪಸು ಕೊಡುತ್ತ ಹೇಳಿದ: "ಸಾರ್, ಇವ್ರು ಗಾಳಿನೂ ಬರೀತಾರ. ಸುಮ್ನ ಕುಂತಿದ್ದನ್ನೂ ಬರೀತಾರ. ನಾನು ಇಷ್ಟು ದಿನ ಬರೀ ಹುಲಿ ಬರದೆ."

ಜಂಬಣ್ಣನ ಜೊತೆ ಕೆಲಸ ಶುರುವಾದ ಮೇಲೆ ನನ್ನ ಸಾಹಿತ್ಯದ ಬಗ್ಗೆ ನನಗಿದ್ದ ಅಭಿಪ್ರಾಯ ದಿನೇ ದಿನೇ ಸೊರಗಿತು. ಯಾವ ವಿಮರ್ಶಕನೂ ಕೇಳದ ಪ್ರಶ್ನೆಗಳನ್ನು ಅವನು ಕೇಳುತ್ತಿದ್ದ. "ಕ್ಷಣಾರ್ಧದಲ್ಲಿ ಹಾರಿದಳು ಅಂತ ಬರದೀರಿ. ಯಾವ ಕಾಲು ಮುಂದ?" ನನಗೆ ಗೊತ್ತಿರಲಿಲ್ಲ. "ಹಾರೋಕಿಂತ ಮುಂಚಿ ತಾಳಿ ಹಲ್ಲಾಗ ಕಚ್ಚಿಕೊಂತಾಳೋ, ಕುಬಸದಾಗ ತುರುಕಿಕೊಂತಾಳೋ?" ಚೆನ್ನಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನೇ ಆರು ಪುಸ್ತಕಗಳಲ್ಲಿ ನಾನು ತೀರ್ಮಾನಿಸಿರಲಿಲ್ಲ. "ರೌದ್ರಾವತಾರ ತಾಳಿದ ತುಂಗಭದ್ರೆ ಅಂತೀರಿ. ಅಂದ್ರ ನೀರು ಯಾವ ಬಣ್ಣ?" "ಕಪ್ಪು ಬಿಳುಪು ಪುಸ್ತಕಕ್ಕ ಬಣ್ಣ ಯಾಕೋ ಮಾರಾಯ?" ಎಂದು ನಾನು ರೇಗಿದರೆ, "ಕೆಂಪು ನೀರಿಗೆ ಗೆರಿ ಹತ್ರ ಹತ್ರ ಎಳಿಬೇಕು, ತಿಳಿ ನೀರಿಗೆ ದೂರ ದೂರ. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ" ಎಂದು ಕುಂಚ ತೊಳೆಯಲು ಹೋಗುತ್ತಿದ್ದ.

ಜಗಳಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ದಿಕ್ಕಿನದು. ಮಾಂಗಾ ಎಂದ ಮೇಲೆ ಬಲದಿಂದ ಎಡಕ್ಕೇ ಇರಬೇಕು ಎಂದು ಮಗಳ ಹಟ; ಮಗಳ ಹಟವೇ ನನ್ನದೂ. ಆದರೆ ಬಲಗೈಯವನು ಬಲಗಡೆಯ ಚೌಕ ಮುಗಿಸಿ ಎಡಕ್ಕೆ ಬಂದರೆ ಅಂಗೈ ಹಸಿ ಶಾಯಿಯ ಮೇಲೇ ಕೂರುತ್ತದೆ. ಮೊದಲ ಪುಟದಲ್ಲಿ ಚೆನ್ನಿಯ ಮುಖ ಜಂಬಣ್ಣನ ಕಿರುಬೆರಳಿನ ಬುಡಕ್ಕೆ ಬಂದಿತ್ತು. "ಕೈ ತೊಳ್ಯೋದ ಒಂದು ಕೆಲ್ಸ ಆಗೇತಿ ಸಾರ್. ಎಲ್ಲಾ ಲೋಕ ಎಡದಿಂದ ಓದಿದ್ರ ನಿಮ್ಗೇನು ಬ್ಯಾನಿ?" ಎನ್ನುತ್ತಿದ್ದ. ಎರಡನೆಯ ಜಗಳ ಮಾತಿನದು. ಪಾತ್ರದ ಬಾಯಿಂದ ಹೊರಡುವ ಮಾತನ್ನು ಬರೆಯಲು ಗುಂಡಗೆ ಒಂದು ಜಾಗ ಬಿಡುತ್ತಾರಲ್ಲ, ಅದಕ್ಕೆ ಜಂಬಣ್ಣ ಪುಗ್ಗ ಎನ್ನುತ್ತಿದ್ದ; ಜಾತ್ರೆಯಲ್ಲಿ ಮಕ್ಕಳು ಊದುವ ಪುಗ್ಗ. ನಾನು ಕೊಟ್ಟ ಮಾತುಗಳು ಯಾವ ಪುಗ್ಗದಲ್ಲೂ ಹಿಡಿಯುತ್ತಿರಲಿಲ್ಲ. "ಇಷ್ಟು ದೊಡ್ಡ ಪುಗ್ಗ ಊದಿದ್ರ ಚೆನ್ನಿ ಎಲ್ಲಿ ನಿಂದ್ರಬೇಕು ಸಾರ್? ಹೊಳ್ಯಾಗ ಬಿದ್ದಾಕಿ ಇಷ್ಟು ಮಾತಾಡ್ತಾಳಾ? ನೀರು ಕುಡ್ದು ಸಾಯ್ತಾಳ." ನಾನು ಮೂವತ್ತು ಪದ ಕೊಟ್ಟರೆ ಅವನು ಮೂರು ಪದದ ಪುಗ್ಗ ಬರೆದಿಡುತ್ತಿದ್ದ. ಕೇಳಿದರೆ ಒಂದೇ ಉತ್ತರ: "ಅದ ಅಳತಿ." ಲಾರಿಯ ಹಲಗೆಗೆ ಬರೆದ ಕೈ ಅದು. ಹಲಗೆ ಎಷ್ಟಿದೆಯೋ ಅಷ್ಟೇ ಮಾತು.

ಹೀಗೆ ಜಗಳವಾಡುತ್ತ ಒಂದೂವರೆ ವರ್ಷದಲ್ಲಿ ಮೊದಲ ಕಾದಂಬರಿಯ ಹೊಳೆಯ ಅಧ್ಯಾಯ ಮುಗಿಯಿತು. ಇಪ್ಪತ್ತೆರಡು ಹಾಳೆ. ಚೆನ್ನಿಯ ಹಾರಾಟವೊಂದಕ್ಕೇ ನಾಲ್ಕು ಹಾಳೆ. ನಾನು ಒಂದು ಪದದಲ್ಲಿ ದಾಟಿಸಿದ್ದನ್ನು ಜಂಬಣ್ಣ ಹದಿನೇಳು ಚೌಕ ಮಾಡಿದ್ದ. ಹಿಮ್ಮಡಿ ಏಳುವುದು, ಬಂಡೆಯ ಮೇಲೆ ಒದ್ದೆ ಹೆಜ್ಜೆ ಉಳಿಯುವುದು, ಗಾಳಿಯಲ್ಲಿ ಸೆರಗು. ನನ್ನ ಕಥೆಯನ್ನು ಓದಿ ನಾನೇ ಉಸಿರು ಹಿಡಿದದ್ದು ಅದೇ ಮೊದಲು. ಆದರೆ ಅವನಿಗೆ ಸಮಾಧಾನವಿಲ್ಲ. "ನೀರು ಸುಳ್ಳಾಗೇತಿ. ಒಂದ್ಸಲ ಹೊಳಿ ಮುಂದ ಇಟ್ಟು ನೋಡ್ಬೇಕು" ಎಂದ. ನಾನು, "ನಡಿ, ಕಂಪ್ಲಿಗೇ ಹೋಗೋಣು" ಎಂದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಡ್ಯಾಂನ ಮಕ್ಕಳಿಗೆ ಒಂದು ಜಂಬವಿರುತ್ತದೆ: ನೀರು ನಮ್ಮ ಮನೆಯದು, ನಮ್ಮನ್ನು ಕೇಳಿಯೇ ಕೆಳಗಿನ ಊರುಗಳಿಗೆ ಹೋಗುತ್ತದೆ ಎಂದು. ಗೇಟು ಎತ್ತಿದ ದಿನ ನಾವು ಹುಡುಗರು ಸೇತುವೆಯ ಮೇಲೆ ನಿಂತು, ಈ ನೀರು ಹಂಪಿಗೆ ಯಾವಾಗ ಮುಟ್ಟುತ್ತದೆ, ಕಂಪ್ಲಿಗೆ ಯಾವಾಗ ಎಂದು ಬಾಯಿಪಾಠ ಮಾಡಿದ ಹಾಗೆ ಹೇಳುತ್ತಿದ್ದೆವು. ನದಿಗೆ ಇಳಿದು ಗೊತ್ತಿಲ್ಲ, ಈಜು ಗೊತ್ತಿಲ್ಲ, ನೀರಿನ ವೇಳಾಪಟ್ಟಿ ಮಾತ್ರ ಗೊತ್ತು. ಆ ಬೆಳಗ್ಗೆ ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ನಾವು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದಾಗ ಆಟೋದ ಮೈಕು ಕೂಗುತ್ತ ಹೋಯಿತು: ನದಿಗೆ ನೀರು ಬಿಡಲಾಗಿದೆ, ಯಾರೂ ಇಳಿಯಬೇಡಿ, ದನಕರು ಇಳಿಸಬೇಡಿ. ಜಂಬಣ್ಣ ನನ್ನ ಮುಖ ನೋಡಿದ. "ಇವತ್ತು ಬ್ಯಾಡೇನ್ರಿ?" ಎಂದ. ನಾನು ಗಡಿಯಾರ ನೋಡಿ, ಡ್ಯಾಂನವನ ಗತ್ತಿನಲ್ಲಿ ಲೆಕ್ಕ ಹೇಳಿದೆ: "ಈಗ ಬಿಟ್ಟ ನೀರು ಕಂಪ್ಲಿಗೆ ಮುಟ್ಟೋದು ಸಂಜಿಗೆ. ಅಷ್ಟರಾಗ ನಾವು ವಾಪಸು ಬಂದು ಊಟ ಮಾಡಿ ಮಲಗಿರ್ತೀವಿ." ಲೆಕ್ಕ ಸರಿಯೇ ಇತ್ತು. ಆದರೆ ಗೇಟು ಎತ್ತಿದ್ದು ಹಿಂದಿನ ರಾತ್ರಿ. ಮೈಕು ಆಗಿನಿಂದಲೂ ಕೂಗುತ್ತಲೇ ಇತ್ತಂತೆ. ನಾನು ಕೇಳಿಸಿಕೊಂಡದ್ದು ಬೆಳಗ್ಗೆ, ಅಷ್ಟೇ.

ಕಂಪ್ಲಿಯ ಹೊಳೆ ದಂಡೆಯಲ್ಲಿ ಒಬ್ಬ ಹೆಂಗಸು ಬುಟ್ಟಿಯಂಥ ದುಂಡನೆಯ ತೆಪ್ಪ ಬೋರಲು ಹಾಕಿಕೊಂಡು ತಳಕ್ಕೆ ಡಾಂಬರು ಬಳಿಯುತ್ತಿದ್ದಳು. ಗಂಗಮ್ಮ ಎಂದು ಆಮೇಲೆ ತಿಳಿಯಿತು. ಐವತ್ತೈದು ದಾಟಿದ ವಯಸ್ಸು, ಒಣಗಿದ ಮೈ, ಬಾಯಲ್ಲಿ ಎಲೆಅಡಿಕೆ. ನನ್ನ ಚೆನ್ನಿಗೂ ಇವಳಿಗೂ ಇದ್ದ ಒಂದೇ ಸಾಮ್ಯವೆಂದರೆ ತೆಪ್ಪ. ದಂಡೆಯಿಂದ ಹತ್ತು ಹನ್ನೆರಡು ಮಾರು ಒಳಗೆ ಒಂದು ಚಪ್ಪಟೆ ಬಂಡೆ. ಕಾಲಿನ ಹರಡು ಮುಳುಗುವಷ್ಟು ನೀರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಜಂಬಣ್ಣ ಅಲ್ಲಿಗೆ ಹೋಗಿ, ಚೀಲದಿಂದ ಹಾಳೆಗಳನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಒಮ್ಮೆ ನೀರನ್ನೂ ಒಮ್ಮೆ ಹಾಳೆಯನ್ನೂ ನೋಡುತ್ತ ಕುಳಿತ. ನನಗೆ ದಂಡೆಗೆ ಅಂಟಿಕೊಂಡ ಒಂದು ಬಂಡೆಯನ್ನು ತೋರಿಸಿ, "ಸಾರ್, ಅದರ ಮ್ಯಾಲೆ ನಿಂತು ಹಾರೋವರ ಹಂಗ ಮಾಡ್ರಿ. ಹಾರಬ್ಯಾಡ್ರಿ ಮತ್ತ" ಎಂದ. ಐವತ್ತೆರಡು ವರ್ಷದ ನಾನು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಕಂಪ್ಲಿಯ ಚೆನ್ನಿಯಾಗಿ ನಿಂತೆ. ಗಂಗಮ್ಮ ಡಾಂಬರು ನಿಲ್ಲಿಸಿ ನೋಡಿದಳು. ಎಲೆಅಡಿಕೆ ಉಗಿದು, "ಮನಿಯಾಗ ಜಗಳ ಆಗೇತೇನು?" ಎಂದು ಕೇಳಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ನಿಂತಳು. ನೀರಿನ ಮೇಲೆ ಕಸ ಕಡ್ಡಿ, ನೊರೆ ಬರುತ್ತಿತ್ತು. ಅದು ನನಗೆ ಕಾಣಲಿಲ್ಲ. "ಏ ಯಪ್ಪಾ, ಹೊಳಿ ಬಣ್ಣ ತಿರುಗೇತಿ. ಜಲ್ದಿ ಹೊರಗ ಬರ್ರಿ ಇಬ್ರೂ" ಎಂದು ಕೂಗಿದಳು. ನಾನು ಬಂಡೆಯ ಮೇಲಿನಿಂದಲೇ, "ಸಂಜಿಗೆ ಬರ್ತೈತಮ್ಮಾ ನೀರು. ನಾವು ಡ್ಯಾಂನವರು, ನಮಗ ಗೊತ್ತೈತಿ" ಎಂದೆ. "ಡ್ಯಾಂನವರಾದ್ರ ಡ್ಯಾಂನ್ಯಾಗ ಇರ್ರಿ. ಇದು ಹೊಳಿ" ಎಂದಳು.

ಆಮೇಲಿನದು ನನಗೆ ಚೌಕ ಚೌಕವಾಗಿಯೇ ನೆನಪಿರುವುದು. ಜಂಬಣ್ಣ ಕಲಿಸಿದ ರೀತಿ ಅದು, ಈಗ ಬಿಡಿಸಿಕೊಳ್ಳಲಾಗುತ್ತಿಲ್ಲ. ನಾನು ದಂಡೆಗೆ ಇಳಿದಿದ್ದೇನೆ. ಜಂಬಣ್ಣ ದಾಟಿ ಹೋದ ಕಲ್ಲುಗಳಲ್ಲಿ ಒಂದು ಇಲ್ಲ. ಮರುಚೌಕದಲ್ಲಿ ಎರಡು ಇಲ್ಲ. ಜಂಬಣ್ಣ ಎದ್ದು ನಿಂತಿದ್ದಾನೆ, ನಮ್ಮ ಕಡೆ ಒಂದು ಕಾಲು ಇಟ್ಟಿದ್ದಾನೆ. ಎಡಗಾಲು. ಈಗ ನನಗೆ ಯಾವ ಕಾಲು ಎಂದು ಗೊತ್ತಿದೆ. ಅವನ ಹಿಂದೆ ಬಂಡೆಯ ಮೇಲೆ ಹಾಳೆಯ ಚೀಲ ಉಳಿದಿದೆ. ನಾನು ಬಾಯಿ ತೆರೆದಿದ್ದೇನೆ. ಮುಂದಿನ ಚೌಕದಲ್ಲಿ ಜಂಬಣ್ಣ ಹಿಂದಕ್ಕೆ ತಿರುಗಿದ್ದಾನೆ. ಅವನು ಬಗ್ಗಿ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಮತ್ತೆ ನಮ್ಮ ಕಡೆ ನೋಡುವ ಹೊತ್ತಿಗೆ ನಡುವೆ ದಾರಿಯೇ ಇರಲಿಲ್ಲ. ಕೆಂಪು ನೀರು. ಗೆರೆಗಳು ಹತ್ತಿರ ಹತ್ತಿರ. ಅವನ ಮೊಣಕಾಲು, ತೊಡೆ, ಸೊಂಟ.

ಗಂಗಮ್ಮ ಹಾರಲಿಲ್ಲ. ನನ್ನ ಹನ್ನೊಂದು ಹಾರಾಟಗಳನ್ನು ನೆನೆದು ನಾಚಿಕೆಪಡುವಷ್ಟು ನಿಧಾನವಾಗಿ, ಪಕ್ಕದಲ್ಲಿದ್ದ ಹಳೆಯ ತೆಪ್ಪವನ್ನು ನೀರಿಗೆ ಎಳೆದಳು. ಅದಕ್ಕೆ ಕಟ್ಟಿದ ಹಗ್ಗದ ತುದಿಯನ್ನು ದಂಡೆಯ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಡೆ ಎಸೆದಳು. ನನ್ನ ಕಡೆ ತಿರುಗಿ, "ಚಪ್ಪಲಿ ಬಿಟ್ಟು ಹಗ್ಗ ಹಿಡೀ ಲೇ!" ಎಂದು ಗದರಿದಳು. ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು ನಾನು. ಯಾರಾದರೂ ನನಗೆ ಆ ಹೊತ್ತಿಗೆ ಸರಿಯಾದ ಮಾತು ಹೇಳಿದ್ದರೆ ಅದು ಅವಳೊಬ್ಬಳೇ. ಚಪ್ಪಲಿ ಬಿಟ್ಟೆ. ಹಗ್ಗ ಹಿಡಿದೆ. ಅವಳು ಹತ್ತಿ ಕೂತ ತೆಪ್ಪ ಬುಗುರಿಯ ಹಾಗೆ ಸುತ್ತುತ್ತ ಹೋಗಿ ಬಂಡೆಗೆ ಅಪ್ಪಳಿಸಿತು. ಬಂಡೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಜಂಬಣ್ಣನ ಬಲಗೈ ಎರಡರ ನಡುವೆ ಸಿಕ್ಕಿತು. ಅವನ ಕೂಗು ನಮಗೆ ಕೇಳಿಸಲಿಲ್ಲ, ಬಾಯಿ ಮಾತ್ರ ಕಂಡಿತು. ಗಂಗಮ್ಮ ಅವನ ಅಂಗಿಯ ಕಾಲರು ಹಿಡಿದು ಕರುವನ್ನು ಎಳೆದ ಹಾಗೆ ಒಳಗೆ ಎಳೆದುಕೊಂಡಳು. ಚೀಲ ಜಾರಿತು. ಇಪ್ಪತ್ತೆರಡು ಹಾಳೆ ಒಂದೊಂದಾಗಿ ಬಿಚ್ಚಿಕೊಂಡು ನೀರಿನ ಮೇಲೆ ಹೋದವು. ಚೆನ್ನಿ ಕೊನೆಗೂ ಹೊಳೆಗೆ ಬಿದ್ದಳು.

ಜೀವ ಉಳಿಯಿತು, ಕೈ ಉಳಿಯಿತು, ಆದರೆ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ನನಗೆ ಮಾತ್ರ ಶಾಲು ಹೊದಿಸಿದರು. ಸ್ಟಾಫ್ ರೂಮಿನಲ್ಲಿ 'ಹಗ್ಗ ಹಿಡಿದು ಕಲಾವಿದನ ಪ್ರಾಣ ಉಳಿಸಿದ' ನನ್ನ ಬಗ್ಗೆ ಇಬ್ಬರು ಭಾಷಣ ಮಾಡಿದರು. ಒಬ್ಬರಂತೂ "ಕ್ಷಣಾರ್ಧದಲ್ಲಿ ತೀರ್ಮಾನ ಕೈಗೊಂಡರು" ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ, ವಿನಯ ಎಂದುಕೊಂಡರು. ಗಂಗಮ್ಮನಿಗೊಂದು ಸೀರೆ ತೆಗೆದುಕೊಂಡು ಹೋದರೆ ಅವಳು ಅದರ ಅಂಚು ಮುಟ್ಟಿ ನೋಡಿ, "ಆ ಯಪ್ಪನ ಕೈ ಹೆಂಗೈತಿ?" ಎಂದಳು. ನಾನು "ಬರ್ತೈತಿ ಅಂತಾರ" ಎಂದೆ. "ಬರಂಗಿಲ್ಲ" ಎಂದು ಅವಳು ಹುಟ್ಟು ಎತ್ತಿಕೊಂಡು ಹೋದಳು.

ಅಂದಿನಿಂದ ಹಲ್ಲುಜ್ಜುವಾಗ, ಹಾಜರಿ ಕೂಗುವಾಗ, ಹಾಲು ಉಕ್ಕಿದಾಗ ನನಗೆ ಆ ಚೌಕಗಳು ಬರುತ್ತವೆ. ನಾನು ವೃತ್ತಿಯಿಂದ ತಿದ್ದುವವನು. ಎಡಗಾಲು ಮುಂದಿಟ್ಟ ಚೌಕಕ್ಕೂ ಹಿಂದಕ್ಕೆ ತಿರುಗಿದ ಚೌಕಕ್ಕೂ ನಡುವಿನದನ್ನು ಎಷ್ಟೋ ಸಲ ತಿದ್ದಿದ್ದೇನೆ. 'ಬಾ ಜಂಬಣ್ಣ' ಎಂದು ಬರೆಯುತ್ತೇನೆ. 'ಬಿಟ್ಟು ಬಾ' ಎಂದು ಬರೆಯುತ್ತೇನೆ. ಅವನು ಬಂದುಬಿಡುತ್ತಾನೆ, ಕಲ್ಲು ಇನ್ನೂ ಒಂದಿರುತ್ತದೆ, ಇಬ್ಬರೂ ಬಸ್ಸಿನಲ್ಲಿ ಜಗಳವಾಡುತ್ತ ವಾಪಸು ಬರುತ್ತೇವೆ. ಆದರೆ ಹೊಳೆಯ ಸದ್ದಿನಲ್ಲಿ ನಾನು ಕೂಗಿದ್ದು ಅದಲ್ಲ. ದಂಡೆಯ ಹೆಂಗಸರಿಗೆ ಕೇಳಿಸಿರಲಿಲ್ಲ. ಗಂಗಮ್ಮ ತೆಪ್ಪ ಎಳೆಯುತ್ತಿದ್ದಳು. ಜಂಬಣ್ಣನಿಗೆ ಕೇಳಿಸಿತ್ತೋ, ಅವನು ತಾನಾಗಿಯೇ ತಿರುಗಿದ್ದನೋ ಎಂಬುದೊಂದೇ ನನಗೆ ತಿಳಿಯಬೇಕಾಗಿತ್ತು. ಕೇಳುವ ಧೈರ್ಯ ಮಾತ್ರ ಇರಲಿಲ್ಲ. ವಾರಕ್ಕೊಮ್ಮೆ ಗಾದಿಗನೂರಿಗೆ ಹೋಗಿ ಬಾಳೆಹಣ್ಣು ಕೊಟ್ಟು, ಮಳೆಯ ಬಗ್ಗೆ ಮಾತಾಡಿ ಬರುತ್ತಿದ್ದೆ. ಅವನ ಹೆಂಡತಿ ಅವನಿಗೆ ಅನ್ನ ಕಲಸಿ ಕೊಡುತ್ತಿದ್ದಳು. ಒಂದು ದಿನ ಅವಳು ನನಗೂ ತಟ್ಟೆ ಹಾಕಿದಳು. ಅವನು ಎಡಗೈಯಲ್ಲಿ ಚಮಚ ಹಿಡಿದು ಪರದಾಡುವಾಗ ಬಲಗೈಯಲ್ಲಿ ಉಣ್ಣಲು ನನಗೆ ಎಂಥದೋ ಸಂಕೋಚ.

ನಾಲ್ಕು ತಿಂಗಳಾದ ಮೇಲೆ ಅವನೇ ಫೋನು ಮಾಡಿಸಿದ. ಶೆಡ್ಡಿನ ನೆಲದ ತುಂಬ ಸೀಮೆಸುಣ್ಣದ ಗೆರೆ. ಮೇಜಿನ ಮೇಲೆ ಹೊಸ ಡ್ರಾಯಿಂಗ್ ಶೀಟು. ಎಡಗೈಯಲ್ಲಿ ಬರೆದಿದ್ದ. ಗೆರೆಗಳು ಸಣ್ಣ ಮಗುವಿನ ಬರಹದ ಹಾಗೆ ನಡುಗುತ್ತಿದ್ದವು. ಆದರೆ ಎಲ್ಲೂ ಶಾಯಿ ಕದಡಿರಲಿಲ್ಲ. "ನೋಡ್ರಿ ಸಾರ್, ಎಡಗೈಯವಂಗ ಬಲದಿಂದ ಎಡಕ್ಕ ಬರದ್ರ ಕೈಗೆ ಶಾಯಿ ಹತ್ತಂಗಿಲ್ಲ. ನಿಮ್ಮ ಮಗಳಿಗೆ ಹೇಳ್ರಿ, ಆಕಿದ ಗೆದ್ದೇತಿ ಅಂತ" ಎಂದು ನಕ್ಕ. ನನಗೆ ನಗಲು ಬರಲಿಲ್ಲ.

ಪುಟದಲ್ಲಿ ಚೆನ್ನಿ ಹಾರುತ್ತಿರಲಿಲ್ಲ. ಎಲೆಅಡಿಕೆಯ ಬಾಯಿಯ ಮುದುಕಿಯಂಥ ಚೆನ್ನಿ, ಹಳೆಯ ತೆಪ್ಪವನ್ನು ನಿಧಾನವಾಗಿ ನೀರಿಗೆ ಎಳೆಯುತ್ತಿದ್ದಳು. ನೀರು ನಿಜವಾದ ನೀರು. ದೂರದ ಬಂಡೆಯ ಮೇಲೆ ಒಬ್ಬ, ಒಂದು ಕಾಲು ಮುಂದೆ, ಕುತ್ತಿಗೆ ಆಗಲೇ ಹಿಂದಕ್ಕೆ. ಎಡ ಮೂಲೆಯಲ್ಲಿ, ಪುಟ ಮುಗಿಯುವಲ್ಲಿ, ಪ್ಯಾಂಟು ಮಡಚಿದ ದಪ್ಪನೆಯ ಮನುಷ್ಯನೊಬ್ಬ ಕೈಯಲ್ಲಿ ಚಪ್ಪಲಿ ಹಿಡಿದು ಬಾಯಿ ತೆರೆದು ನಿಂತಿದ್ದ. ಬಾಯಿಯ ಪಕ್ಕ ಒಂದು ಖಾಲಿ ಪುಗ್ಗ.

"ಅದನ್ನ ನೀವ ತುಂಬ್ರಿ ಸಾರ್. ಮಾತು ನಿಮ್ದಲ್ಲೇನು?" ಎಂದ ಜಂಬಣ್ಣ.

ಹಾಳೆಯನ್ನು ಮನೆಗೆ ತಂದು ಹನ್ನೆರಡು ದಿನ ಇಟ್ಟುಕೊಂಡೆ. ಪೆನ್ಸಿಲ್ಲಿನಲ್ಲಿ 'ಅಯ್ಯೋ ಜಂಬಣ್ಣ, ಬೇಗ ಬಾ' ಎಂದು ಬರೆದು ನೋಡಿದೆ, ಹೊರಗೆ ಚೆಲ್ಲಿತು. 'ಚೀಲ ಬಿಟ್ಟು ಬಾ', ಅದೂ ಹಿಡಿಯಲಿಲ್ಲ. ಅಳಿಸಿ ಅಳಿಸಿ ಕಾಗದ ಸವೆಯಿತು. ಹದಿಮೂರನೆಯ ದಿನ ಗಾದಿಗನೂರಿಗೆ ಹೋಗಿ, "ಈ ಪುಗ್ಗ ಭಾಳ ಸಣ್ಣದಾತು, ಸ್ವಲ್ಪ ದೊಡ್ಡದು ಮಾಡಿಕೊಡು" ಎಂದೆ. ಅವನು ಎಡಗೈಯಿಂದ ಕುಂಚ ಒರೆಸುತ್ತ, ತಲೆಯೆತ್ತದೆ, "ಅದ ಅಳತಿ" ಎಂದ.

ಅಲ್ಲೇ ಅವನ ಮೇಜಿನ ಮೇಲೆ, ಅವನದೇ ಪೆನ್ನಿನಲ್ಲಿ ಬರೆದೆ: 'ಹಾಳೆ!' ಆ ದಿನ ದಂಡೆಯ ಮೇಲೆ ನಿಂತು, ಮುಳುಗುತ್ತಿದ್ದವನ ಕಡೆ ನೋಡಿ, ನಾನು ಕೂಗಿದ್ದು ಅದನ್ನೇ. ಬರೆದು ಅವನ ಕಡೆ ತಳ್ಳಿದೆ. ಹೊರಗೆ ಅದಿರು ಲಾರಿಯೊಂದು ಹೋಯಿತು. ಅದರ ಹುಲಿ ಸ್ಟಿಕ್ಕರಿನದು.

ಜಂಬಣ್ಣ ನೋಡಿದ. ಅಕ್ಷರಗಳ ಸುತ್ತ ಉಳಿದ ಜಾಗವನ್ನು ಕಣ್ಣಿನಲ್ಲೇ ಅಳೆದ. "ಗೊತ್ತಿತ್ತು ಸಾರ್" ಎಂದ. "ಅದಕ್ಕ ಎರಡಕ್ಷರಕ್ಕ ಹಿಡಿಯೋ ಅಷ್ಟ ಮಾಡಿದ್ದೆ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಮೇಷ್ಟ್ರಿಗೆ ಚಾ ಮಾಡು" ಎಂದು ಕೂಗಿದ.

ಆರು ಕಾದಂಬರಿ ಬರೆದವನು ನಾನು. ಅವನು ಬಿಟ್ಟ ಜಾಗದಲ್ಲಿ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಸರಿಯಾಗಿ ಕೂತ ನನ್ನ ಮಾತು ಅದೊಂದೇ. ಶಾಯಿ ಒಣಗಿರಲಿಲ್ಲ, ಚಹಾ ತೆಗೆದುಕೊಳ್ಳಲು ಬಲಗೈ ಚಾಚಿದಾಗ ನನ್ನ ಅಂಗೈಗೆ ಸ್ವಲ್ಪ ಹತ್ತಿತು.